ಕುರಿಯ ಕರುಳು, ರೇಷ್ಮೆಯ ಎಳೆ

ಚಳ್ಳಕೆರೆಯೆಂದರೆ ಕುರಿ, ಕಂಬಳಿ. ಮೊಳಕಾಲ್ಮೂರೆಂದರೆ ರೇಷ್ಮೆ ಸೀರೆ. ಮಳೆ ಅಪರೂಪವಾದ ಈ ಎರಡು ತಾಲ್ಲೂಕುಗಳಿಗೂ ಗಿಟಾರಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಇಲ್ಲಿಂದ ಸರಕು ಅಲ್ಲಿಗೆ ಹೋಯಿತೆಂದು ನಾನು ಹೇಳುತ್ತಿಲ್ಲ. ಆದರೆ ಆ ವಾದ್ಯದ ದನಿ ಬಹುಕಾಲ ನಿಂತದ್ದು ಕುರಿಯ ಕರುಳು ಮತ್ತು ರೇಷ್ಮೆಯ ಎಳೆ ಇವೆರಡರ ಮೇಲೆ. ಇದನ್ನು ನೆನೆದರೆ ಅದರ ಚರಿತ್ರೆ ಈ ನೆಲದವರಿಗೆ ಪರಕೀಯವೆನಿಸದು.

ಹದಿನೇಳನೆಯ ಶತಮಾನದ ಗಿಟಾರು ಇಂದಿನದಕ್ಕಿಂತ ಕಿರಿದು. ಅದಕ್ಕೆ ಐದು ಜೋಡಿ ತಂತಿ. ತಂತಿಯೆನ್ನುವುದು ಮಾತಿನ ರೂಢಿ. ನಿಜದಲ್ಲಿ ಅದು ತೊಳೆದು, ಹೊಸೆದು, ಒಣಗಿಸಿದ ಕರುಳು. ಸ್ವರಸ್ಥಾನ ತೋರುವ ಮೆಟ್ಟಿಲುಗಳೂ ಕುತ್ತಿಗೆಗೆ ಬಿಗಿದ ಕರುಳಿನ ದಾರಗಳೇ. ಮುಂದೆ ಮಂದ್ರದ ತಂತಿಗಳಿಗೆ ರೇಷ್ಮೆಯ ಎಳೆಗಳ ಮೇಲೆ ಸಪೂರವಾದ ಲೋಹದ ಎಳೆಯನ್ನು ಸುತ್ತಿದರು. ಇದರಿಂದ ತಂತಿ ಹೆಚ್ಚು ದಪ್ಪವಾಗದೆ ತೂಕ ಪಡೆಯಿತು, ಮಂದ್ರಸ್ವರ ಸ್ಪಷ್ಟವಾಯಿತು. ಹದಿನೆಂಟನೆಯ ಶತಮಾನ ಮುಗಿಯುವ ವೇಳೆಗೆ ಜೋಡಿಗಳು ಹೋಗಿ ಆರು ಒಂಟಿ ತಂತಿಗಳು ಬಂದವು, ಮೆಟ್ಟಿಲುಗಳು ಲೋಹದವಾದವು.

ಇಂದಿನ ಶಾಸ್ತ್ರೀಯ ಗಿಟಾರಿಗೆ ರೂಪ ಕೊಟ್ಟವನು ಸ್ಪೇನಿನ ಬಡಗಿ ಆಂಟೋನಿಯೋ ದೆ ಟೋರೆಸ್ (1817–1892). ಅವನು ಒಡಲನ್ನು ಹಿಗ್ಗಿಸಿದ. ಮೇಲುಹಲಗೆಯನ್ನು ತೆಳುವಾಗಿಸಿ, ಒಳಗೆ ಬೀಸಣಿಗೆಯ ಕಡ್ಡಿಗಳಂತೆ ಪಟ್ಟಿಗಳನ್ನು ಹರಡಿದ. ನಾದ ಹುಟ್ಟುವುದು ಮುಖ್ಯವಾಗಿ ಆ ಹಲಗೆಯಲ್ಲಿ ಎಂಬುದನ್ನು ತೋರಿಸಲು 1862ರಲ್ಲಿ ಬೆನ್ನು, ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ ಒಂದು ಗಿಟಾರು ಕಟ್ಟಿದ.

ಕರುಳಿನ ಕಾಲ ಮುಗಿದದ್ದು ಸಂಗೀತಗಾರರ ಇಚ್ಛೆಯಿಂದಲ್ಲ, ಯುದ್ಧದಿಂದ. ಎರಡನೆಯ ಮಹಾಯುದ್ಧದಲ್ಲಿ ಗಾಯ ಹೊಲಿಯಲು ಕರುಳಿನ ದಾರ ಬೇಕಾಯಿತು, ವಾದ್ಯಗಳಿಗೆ ಅಭಾವವಾಯಿತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನ್ ಎಳೆಯನ್ನು ಪ್ರಯೋಗಿಸಿದ. ಪ್ರಸಿದ್ಧ ವಾದಕ ಸೆಗೋವಿಯಾ ಅದನ್ನು ಒಪ್ಪಿದ. ತೇವಕ್ಕೆ ಸಡಿಲದ, ಬೇಗ ಸವೆಯದ ಈ ತಂತಿ ಬಡ ವಿದ್ಯಾರ್ಥಿಗೂ ಎಟುಕಿತು. ಮಂದ್ರದ ತಂತಿಗಳ ಒಳಗಿದ್ದ ರೇಷ್ಮೆಯೂ ಅದಕ್ಕೆ ಎಡೆ ಬಿಟ್ಟಿತು.

ಮರದ ಕತೆಯೂ ಹೀಗೆಯೇ. ಬೆನ್ನು, ಪಕ್ಕಗಳಿಗೆ ಬಳಸುತ್ತಿದ್ದ ಬ್ರೆಜಿಲಿನ ರೋಸ್‌ವುಡ್ ಮರ ವಿರಳವಾದಂತೆ ನಮ್ಮ ಪಶ್ಚಿಮಘಟ್ಟಗಳ ಬೀಟೆ ಆ ಸ್ಥಾನಕ್ಕೆ ಬಂತು. 1992ರಲ್ಲಿ ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. 2017ರಲ್ಲಿ ಬೀಟೆಯೂ ನಿಯಂತ್ರಣಕ್ಕೊಳಗಾಯಿತು. ಸಿದ್ಧಗೊಂಡ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ಹೀಗೆ ಕರುಳಿಗೆ ಬದಲು ಸಿಕ್ಕಿತು, ಮರಕ್ಕೂ ಸಿಕ್ಕಿತು. ಬದಲು ಸಿಗದ ವಸ್ತು ಯಾವುದು? ತನ್ನ ಗುಟ್ಟು ಹಲಗೆಯ ಹದವನ್ನು ಅಳೆಯುವ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿದೆ, ಅದನ್ನು ಯಾರಿಗೂ ಬಿಟ್ಟುಹೋಗಲಾರೆ ಎಂದು ಟೋರೆಸ್ ಹೇಳಿದನೆಂದು ಅವನನ್ನು ಬಲ್ಲ ಪಾದ್ರಿಯೊಬ್ಬರು ಬರೆದಿಟ್ಟಿದ್ದಾರೆ.

ಈ ಮಾತು ನನಗೆ ಮತ್ತೆ ಚಳ್ಳಕೆರೆಯ ಸೀಮೆಯನ್ನು ನೆನಪಿಸುತ್ತದೆ. ಇಲ್ಲಿನ ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನು ಹಾಡುವಾಗ ಗಣೆಯೆಂಬ ನೀಳವಾದ ಬಿದಿರ ಕೊಳಲನ್ನು ಊದುತ್ತಾರೆ. ಬಿದಿರು ನಾಳೆಯೂ ಬೆಳೆದೀತು. ಯಾವ ಬಿದಿರು ನುಡಿದೀತೆಂದು ಬಲ್ಲ ಬೆರಳು, ಅದಕ್ಕೆ ಉಸಿರು ತುಂಬಬಲ್ಲ ಗಾಯಕ ಇವರು ಒಮ್ಮೆ ಇಲ್ಲವಾದರೆ ಯಾವ ಕಾರ್ಖಾನೆಯೂ ಅವರನ್ನು ಮತ್ತೆ ಮಾಡಿಕೊಡಲಾರದು. ಅವರು ಇರುವಾಗಲೇ ಅವರ ಬಳಿ ಕುಳಿತು ಕಲಿಯುವ ಕಿರಿಯರು ಬೇಕು.