ಮಟ್ಟಿಗೆ ಅಂಕಿತವಿಲ್ಲ

‘ಅಬ್ರಾಕ್ಸಾಸ್’ ಎಂಬ ಹೆಸರನ್ನು ನಾನು ಮೊದಲು ಅರಿತದ್ದು ಸಂಗೀತದಿಂದಲ್ಲ, 1919ರಲ್ಲಿ ಪ್ರಕಟವಾದ ಹರ್ಮನ್ ಹೆಸ್ಸೆಯ ‘ಡೆಮಿಯಾನ್’ ಕಾದಂಬರಿಯಿಂದ. ಅಲ್ಲಿ ಅದು ಒಳಿತು ಕೆಡುಕುಗಳೆರಡನ್ನೂ ತನ್ನೊಳಗೆ ಧರಿಸಿದ ದೈವದ ಹೆಸರು. (ಈ ಹೆಸ್ಸೆಯ ತಾಯಿಯ ತಂದೆ ಗುಂಡರ್ಟ್, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಮೋಗ್ಲಿಂಗನ ಒಡನಾಡಿ. ಕನ್ನಡಿಗರಿಗೆ ಇದನ್ನು ನೆನಪಿಸದೆ ಮುಂದೆ ಹೋಗಲಾರೆ.) ಅದೇ ಹೆಸರನ್ನಿಟ್ಟು ಸ್ಯಾನ್ ಫ್ರಾನ್ಸಿಸ್ಕೋದ ಸ್ಯಾಂಟಾನಾ ವಾದ್ಯವೃಂದ 1970ರಲ್ಲಿ ಹೊರತಂದ ಒಂಬತ್ತು ರಚನೆಗಳ ಧ್ವನಿಮುದ್ರಿಕೆಯನ್ನು ನಾನು ಕೇಳಿದ್ದು ನಿವೃತ್ತಿಯ ಅನಂತರವೇ.

ಇದನ್ನು ಲ್ಯಾಟಿನ್ ರಾಕ್ ಎನ್ನುತ್ತಾರೆ. ಕ್ಯೂಬಾ ಮೊದಲಾದ ದ್ವೀಪಗಳ ಚರ್ಮವಾದ್ಯಗಳ ನಡೆಗೆ ವಿದ್ಯುತ್ ಗಿಟಾರಿನ ಕೊರಳನ್ನು ಕೂಡಿಸಿದ ಸಂಗೀತ. ನಾಯಕ ಕಾರ್ಲೋಸ್ ಸ್ಯಾಂಟಾನಾ 1947ರಲ್ಲಿ ಮೆಕ್ಸಿಕೋದಲ್ಲಿ ಹುಟ್ಟಿದವನು, ಪಿಟೀಲು ವಾದಕನ ಮಗ. ಟಿಂಬಾಲೆ ಬಾರಿಸುವ ಹೋಸೆ ಆರೆಯಾಸ್ ನಿಕರಾಗುವಾದವನು. ತಟ್ಟೆಯ ಅತಿ ಪ್ರಸಿದ್ಧ ಹಾಡನ್ನು ಬರೆದವನೋ ಪೀಟರ್ ಗ್ರೀನ್ ಎಂಬ ಆಂಗ್ಲ! ಆದಿಯಲ್ಲಿ ಗಾಳಿಗಂಟೆಗಳ ಕಿಣಿಕಿಣಿ. ಅದು ಮುಗಿಯುವ ಹೊತ್ತಿಗೆ ನನಗೆ ಗದ್ದಲದ ಭಯ ಹೋಗಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಓಯೆ ಕೋಮೊ ವಾ’. ಮಾತು ಅದರಲ್ಲಿ ಅತ್ಯಲ್ಪ. ಕೆಳಗಿನ ಸ್ಥಾಯಿಯಲ್ಲಿ ಒಂದು ನಡೆ ಮತ್ತೆ ಮತ್ತೆ ಸುತ್ತಿ ಬರುತ್ತದೆ, ಅದರ ಮೇಲೆ ಗಿಟಾರು ಮತ್ತು ಆರ್ಗನ್. ಇದರ ಕರ್ತೃ ಟಿಟೋ ಪುಯೆಂತೆ. ಪೋರ್ಟೋ ರಿಕೋ ಮೂಲದ ತಂದೆತಾಯಿಗಳಿಗೆ 1923ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. 1962ರ ಅವನ ವಾದನವನ್ನು ಹುಡುಕಿ ಕೇಳಿದೆ: ಗಿಟಾರಿನ ಜಾಗದಲ್ಲಿ ಕೊಳಲು, ಸುತ್ತಲೂ ಹಿತ್ತಾಳೆಯ ವಾದ್ಯಗಳು, ನಡೆ ಮಾತ್ರ ಅದೇ. ಇನ್ನೂ ಹಿಂದಕ್ಕೆ ಹೋದರೆ ಹವಾನಾ. 1957ರ ‘ಚಾಂಚುಯೋ’, ಅದರ ಕರ್ತೃ ಕಚಾವೋ ಎಂದು ಹೆಸರಾದ ಇಸ್ರಾಯೆಲ್ ಲೋಪೆಸ್. ಆ ನಡೆ ಅಲ್ಲಿಯೂ ಇದೆ, ಆಳೆತ್ತರದ ತಂತಿವಾದ್ಯದಲ್ಲಿ.

ನಮ್ಮ ದಾಸರ ಪದಗಳು ಎಷ್ಟು ಬಾಯಿ ದಾಟಿದರೂ ಕೊನೆಯ ನುಡಿಯಲ್ಲಿ ಪುರಂದರವಿಠಲ ಉಳಿದ. ಆದರೆ ನಾವು ಇಂದು ಹಾಡುವ ಮಟ್ಟುಗಳೆಲ್ಲ ದಾಸರವೇ ಎಂದು ಯಾರು ಪ್ರಮಾಣ ಮಾಡಿಯಾರು? ಮಾತಿಗೆ ಒಡೆಯನಿದ್ದಾನೆ, ಮಟ್ಟಿಗೆ ಇಲ್ಲ. ಧ್ವನಿಮುದ್ರಿಕೆಯ ಯುಗದಲ್ಲಿ ತಟ್ಟೆಯ ಮೇಲಿನ ಸಣ್ಣಕ್ಷರಗಳೇ ಅಂಕಿತ, ಮತ್ತು ಅದು ಹಣವಾಗುವ ಅಂಕಿತ. ಸಭಿಕರು ‘ಸ್ಯಾಂಟಾನಾನ ಹಾಡು ನುಡಿಸಿ’ ಎಂದಾಗ ಪುಯೆಂತೆಗೆ ಕೋಪ ಬರುತ್ತಿತ್ತಂತೆ; ಗೌರವಧನದ ಚೆಕ್ಕು ಕೈಸೇರಿದ ಮೇಲೆ ಕೋಪ ಇಳಿಯಿತೆಂದು ಅವನೇ ನಗುತ್ತ ಹೇಳಿಕೊಳ್ಳುತ್ತಿದ್ದ. ಸ್ಯಾಂಟಾನಾ ಕದ್ದನೆನ್ನಲಾರೆ, ಅವನು ಪುಯೆಂತೆಯ ಹೆಸರನ್ನು ಕಾಣಿಸಿಯೇ ಇದ್ದಾನೆ. ಪುಯೆಂತೆಯೂ ಕದ್ದನೆನ್ನಲಾರೆ, ಕುಣಿತದ ಸಂಗೀತದಲ್ಲಿ ನಡೆಗಳು ಕೈಯಿಂದ ಕೈಗೆ ಹೋಗುವುದು ಸಹಜ. ಆದರೂ ಆ ಸಣ್ಣಕ್ಷರಗಳಲ್ಲಿ ಕಚಾವೋ ಇಲ್ಲದ್ದು ನನ್ನನ್ನು ಚುಚ್ಚುತ್ತದೆ.

ಕ್ಯೂಬಾ ತೊರೆದು ಅಮೆರಿಕ ಸೇರಿದ ಕಚಾವೋ ಬಹುಕಾಲ ಹೆಚ್ಚಿನವರಿಗೆ ತಿಳಿಯದೆ ನುಡಿಸುತ್ತಿದ್ದ. ನಟ ಆಂಡಿ ಗಾರ್ಸಿಯಾ 1993ರಲ್ಲಿ ಅವನ ಕುರಿತು ಸಾಕ್ಷ್ಯಚಿತ್ರ ತೆಗೆದಾಗ ಅವನಿಗೆ ಎಪ್ಪತ್ತು ದಾಟಿತ್ತು. 2008ರಲ್ಲಿ ತೀರಿಕೊಂಡ.