ಮಗುವಿನ ವಸ್ತು ಯಾರಾದರೂ ಮುರಿದಾಗ: ‘ದಿಂಬಿಗೆ ಗುದ್ದಿದರೆ ಕೋಪ ಇಳಿಯುತ್ತೆ’ ನಿಜವೇ? ಇಸ್ಲಾಂ ಏನು ಹೇಳುತ್ತದೆ?

ತಂಗಿ ಅಣ್ಣನ ಡ್ರಾಯಿಂಗ್ ಪುಸ್ತಕ ಹರಿದುಹಾಕುತ್ತಾಳೆ. ಪಕ್ಕದ ಮನೆಯ ಹುಡುಗ ಹೊಸ ಆಟಿಕೆ ಕಾರಿನ ಚಕ್ರ ಕೀಳುತ್ತಾನೆ. ವಸ್ತು ಕಳೆದುಕೊಂಡ ಮಗು ಕಿರುಚುತ್ತದೆ, ಹೊಡೆಯಲು ಓಡುತ್ತದೆ. ಆಗ ದೊಡ್ಡವರಿಂದ ಮೂರು ಮಾತು ಬರುತ್ತವೆ: ‘ದಿಂಬಿಗೆ ನಾಲ್ಕು ಗುದ್ದು, ಸರಿಹೋಗುತ್ತೆ’, ‘ಅಷ್ಟಕ್ಕೆಲ್ಲ ಅಳ್ತಾರಾ?’, ‘ಕೋಪ ಮಾಡ್ಕೊಂಡ್ರೆ ಪಾಪ ಬರುತ್ತೆ’. ಈ ಮೂರರಲ್ಲಿ ಎಷ್ಟು ನಿಜ? ವಿಜ್ಞಾನ ಮತ್ತು ಇಸ್ಲಾಮಿನ ಬೋಧನೆ ಎರಡನ್ನೂ ಇಟ್ಟುಕೊಂಡು ನೋಡೋಣ.

1. ‘ದಿಂಬಿಗೆ ಗುದ್ದಿದರೆ ಕೋಪ ಇಳಿಯುತ್ತದೆ’: ತಪ್ಪು

ಕುಕ್ಕರಿನ ಹಬೆಯಂತೆ ಕೋಪವೂ ಹೊರಗೆ ಹೋಗಬೇಕು ಎಂಬ ನಂಬಿಕೆ ಇದರ ಹಿಂದಿದೆ. ಅಮೆರಿಕದ ಸಂಶೋಧಕ ಬ್ರಾಡ್ ಬುಶ್‌ಮನ್ ಇದನ್ನು 600 ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಟ್ಟು ತರಿಸಿದ ವ್ಯಕ್ತಿಯನ್ನು ನೆನೆಯುತ್ತ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಕೋಪವೇ ಹೆಚ್ಚಾಗಿತ್ತು. ಸುಮ್ಮನೆ ಕುಳಿತಿದ್ದವರು ಆಮೇಲೆ ಎಲ್ಲರಿಗಿಂತ ಕಡಿಮೆ ಆಕ್ರಮಣಕಾರಿಯಾಗಿ ನಡೆದುಕೊಂಡರು. ಬುಶ್‌ಮನ್ ಮತ್ತು ಸೋಫಿ ಶೆರ್ವಿಕ್ 154 ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ: ದೀರ್ಘ ಉಸಿರಾಟ, ಧ್ಯಾನದಂತಹ ದೇಹವನ್ನು ತಣಿಸುವ ಕೆಲಸಗಳಿಂದ ಕೋಪ ಇಳಿಯುತ್ತದೆ, ದೇಹವನ್ನು ಕೆರಳಿಸುವ ಕೆಲಸಗಳಿಂದ ಇಳಿಯುವುದಿಲ್ಲ.

ಕೋಪ ಬಂದಾಗ ಎದೆಬಡಿತ, ಉಸಿರು ಆಗಲೇ ಜೋರಾಗಿರುತ್ತವೆ. ಗುದ್ದಿದರೆ ಅವು ಇನ್ನೂ ಏರುತ್ತವೆ. ಜೊತೆಗೆ, ಕೋಪಕ್ಕೆ ಹೊಡೆತವೇ ಉತ್ತರ ಎಂಬ ಪಾಠ ಮಗುವಿಗೆ ಸಿಗುತ್ತದೆ.

ಪ್ರವಾದಿ ಮುಹಮ್ಮದ್ (ಸ) ಹೇಳಿಕೊಟ್ಟ ಕ್ರಮಗಳೂ ದೇಹವನ್ನು ತಣಿಸುವ ಕಡೆಗೇ ಇವೆ. ಕೋಪ ಬಂದಾಗ ನಿಂತಿದ್ದರೆ ಕುಳಿತುಕೊಳ್ಳಬೇಕು, ಆಗಲೂ ಹೋಗದಿದ್ದರೆ ಮಲಗಬೇಕು ಎಂಬ ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ. ಮೌನವಾಗಿರಬೇಕು ಎಂಬುದು ಮುಸ್ನದ್ ಅಹ್ಮದ್‌ನಲ್ಲಿದೆ. ಸೈತಾನನಿಂದ ಅಲ್ಲಾಹನ ರಕ್ಷಣೆ ಬೇಡುವ ಮಾತು ಬುಖಾರಿಯಲ್ಲಿದೆ.

ವುಝೂ ಮಾಡುವ ಬಗ್ಗೆ ಒಂದು ಸ್ಪಷ್ಟನೆ. ಕೋಪ ಬಂದಾಗ ವುಝೂ ಮಾಡಬೇಕೆಂಬ ಹದೀಸ್ ಕೂಡ ಅಬೂ ದಾವೂದ್‌ನಲ್ಲಿದೆ, ಆದರೆ ಅದರ ವರದಿ ಸರಣಿ ದುರ್ಬಲ ಎಂದು ಹೇಳಿದ ವಿದ್ವಾಂಸರಿದ್ದಾರೆ. ಹಾಗೆಂದು ವುಝೂ ಮಾಡಿಸುವುದರಲ್ಲಿ ತೊಂದರೆಯೇನಿಲ್ಲ. ಜಗಳದ ಜಾಗ ಬಿಟ್ಟು ಹೋಗಿ ನಿಧಾನವಾಗಿ ಕೈಕಾಲು, ಮುಖ ತೊಳೆಯುವಷ್ಟರಲ್ಲಿ ಮಗುವಿಗೆ ಒಂದೆರಡು ನಿಮಿಷದ ಬಿಡುವು ಸಿಗುತ್ತದೆ.

2. ‘ಅಷ್ಟಕ್ಕೆಲ್ಲ ಅಳ್ತಾರಾ?’: ಇದೂ ತಪ್ಪು

ನಮಗೆ ಅದು ಇಪ್ಪತ್ತು ರೂಪಾಯಿಯ ಆಟಿಕೆ. ಮಗುವಿಗೆ ಅದು ತನ್ನದು ಎಂದು ಹೇಳಿಕೊಳ್ಳಬಹುದಾದ ಕೆಲವೇ ವಸ್ತುಗಳಲ್ಲಿ ಒಂದು. ಭಾವನೆಗಳಿಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತರ ಹರೆಯದ ನಡುಭಾಗದವರೆಗೂ ಸಮಯ ಬೇಕು. ಹಾಗಾಗಿ ಐದು ವರ್ಷದ ಮಗು ದೊಡ್ಡವರಂತೆ ತಡೆದುಕೊಳ್ಳಲಿ ಎಂದು ನಿರೀಕ್ಷಿಸುವುದು ಸರಿಯಲ್ಲ.

ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಪ್ರಸಂಗವಿದೆ. ಅವನು ಆಡುತ್ತಿದ್ದ ಪುಟ್ಟ ಹಕ್ಕಿ ಸತ್ತುಹೋಗಿತ್ತು. ಪ್ರವಾದಿ (ಸ) ಅವನನ್ನು ಹೆಸರಿಡಿದು ಕರೆದು ಆ ಹಕ್ಕಿಯ ಬಗ್ಗೆಯೇ ವಿಚಾರಿಸಿದರು. ಹಕ್ಕಿ ತಾನೇ ಎಂದು ತಳ್ಳಿಹಾಕಲಿಲ್ಲ.

3. ‘ಕೋಪ ಬಂದರೇ ಪಾಪ’: ಅರ್ಧ ಸತ್ಯ

ಕೋಪಿಸಿಕೊಳ್ಳಬೇಡ ಎಂಬ ಪ್ರವಾದಿ ಉಪದೇಶ ಬುಖಾರಿಯಲ್ಲಿ ಇರುವುದು ನಿಜ. ಆದರೆ ಕೋಪದ ಕಾರಣಗಳಿಂದ ದೂರವಿರು, ಅದರ ಕೈಗೊಂಬೆಯಾಗಬೇಡ ಎಂಬುದೇ ಅದರ ಅರ್ಥ ಎಂದು ವಿದ್ವಾಂಸರು ವಿವರಿಸಿದ್ದಾರೆ. ಕುರ್‌ಆನ್ (3:134) ಹೊಗಳುವುದು ಕೋಪವನ್ನು ನುಂಗಿಕೊಂಡು ಜನರನ್ನು ಕ್ಷಮಿಸುವವರನ್ನು. ಕೋಪವೇ ಬಾರದಿದ್ದರೆ ನುಂಗುವ ಪ್ರಶ್ನೆ ಎಲ್ಲಿ? ‘ಕೋಪ ಬಂದಿದ್ದು ತಪ್ಪಲ್ಲ, ಹೊಡೆದದ್ದು ತಪ್ಪು’ ಎಂದು ಮಗುವಿಗೆ ಬಿಡಿಸಿ ಹೇಳಿ.

ಒಡೆದ ತಟ್ಟೆಯ ಪಾಠ

ವಸ್ತು ಹಾಳಾದಾಗ ಏನು ಮಾಡಬೇಕು ಎಂಬುದಕ್ಕೆ ಬುಖಾರಿಯಲ್ಲಿ ನೇರ ಉದಾಹರಣೆಯೇ ಇದೆ. ಪ್ರವಾದಿ (ಸ) ಒಬ್ಬ ಪತ್ನಿಯ ಮನೆಯಲ್ಲಿದ್ದಾಗ ಇನ್ನೊಬ್ಬ ಪತ್ನಿ ತಟ್ಟೆಯಲ್ಲಿ ಊಟ ಕಳುಹಿಸಿದರು. ಮನೆಯಲ್ಲಿದ್ದ ಪತ್ನಿ ಕೋಪದಲ್ಲಿ ತಂದವರ ಕೈಗೆ ಹೊಡೆದಾಗ ತಟ್ಟೆ ಬಿದ್ದು ಒಡೆಯಿತು. ಪ್ರವಾದಿ (ಸ) ಕೂಗಾಡಲಿಲ್ಲ. ಚೂರುಗಳನ್ನೂ ಚೆಲ್ಲಿದ ಊಟವನ್ನೂ ತಾವೇ ಒಟ್ಟುಮಾಡಿದರು. ಆಕೆಗೆ ಅಸೂಯೆಯಾಗಿದೆ ಎಂದು ಅಲ್ಲಿದ್ದವರಿಗೆ ಕಾರಣ ತಿಳಿಸಿದರು. ನಂತರ ಒಡೆದವರ ಮನೆಯಿಂದಲೇ ಒಳ್ಳೆಯ ತಟ್ಟೆ ತೆಗೆದು, ತಟ್ಟೆ ಕಳೆದುಕೊಂಡವರಿಗೆ ಕಳುಹಿಸಿಕೊಟ್ಟರು.

ಇಲ್ಲಿ ಕೋಪಗೊಂಡವರಿಗೆ ಅವಮಾನ ಆಗಲಿಲ್ಲ, ವಸ್ತು ಕಳೆದುಕೊಂಡವರಿಗೆ ಅನ್ಯಾಯವೂ ಆಗಲಿಲ್ಲ. ನಮ್ಮ ಮನೆಗಳಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಈ ಎರಡನೆಯದೇ. ‘ಚಿಕ್ಕವಳು, ಬಿಡು’ ಎಂದು ಸುಮ್ಮನಾಗಿಸಿದರೆ ಅಣ್ಣನ ನಷ್ಟ ಹಾಗೆಯೇ ಉಳಿಯುತ್ತದೆ, ಕೋಪವೂ ಉಳಿಯುತ್ತದೆ.

ಮನೆಯಲ್ಲಿ ಹೀಗೆ ಮಾಡಿ

• ಮೊದಲು ಹೊಡೆತ ತಡೆಯಿರಿ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ. ನಿಮ್ಮ ದನಿ ತಗ್ಗಿರಲಿ.
• ನೀರು ಕುಡಿಸಿ, ನಿಧಾನವಾಗಿ ಐದಾರು ಸಲ ಉಸಿರು ಬಿಡಿಸಿ. ಆಗ ಬುದ್ಧಿಮಾತು ಬೇಡ.
• ‘ನಿನಗೆ ಇಷ್ಟದ ಪುಸ್ತಕ ಹರಿದುಹೋಯ್ತು, ಬೇಜಾರಾಗಿದೆ ಅಲ್ವಾ?’ ಎಂದು ಕೇಳಿ.
• ಬೇಕೆಂದೇ ಮಾಡಿದ್ದಾ, ಕೈತಪ್ಪಿ ಆಗಿದ್ದಾ ಎಂದು ಇಬ್ಬರನ್ನೂ ವಿಚಾರಿಸಿ.
• ಅಂಟಿಸಿ, ಹೊಲಿದು ಸರಿಮಾಡಲು ಸಾಧ್ಯವಾದರೆ ಹಾಳುಮಾಡಿದ ಮಗುವೂ ಕೈಜೋಡಿಸಲಿ. ತೀರಾ ಚಿಕ್ಕ ಮಗುವಾದರೆ ಪರಿಹಾರ ಹೆತ್ತವರದ್ದು.
• ಕ್ಷಮೆಯ ಪುಣ್ಯವನ್ನು ತಿಳಿಸಿ, ಆದರೆ ‘ಈಗಲೇ ಕ್ಷಮಿಸು’ ಎಂದು ಒತ್ತಾಯಿಸಬೇಡಿ. ಮನಸ್ಸು ತಣಿದ ಮೇಲೆ ತಾನಾಗಿ ಕೊಟ್ಟರೇ ಅದು ಕ್ಷಮೆ.

ಮಗು ಪದೇ ಪದೇ ತನಗೆ ಅಥವಾ ಇತರರಿಗೆ ಗಾಯ ಮಾಡುತ್ತಿದ್ದರೆ, ವಾರಗಟ್ಟಲೆ ಹೀಗೇ ಮುಂದುವರಿದು ಶಾಲೆ, ನಿದ್ದೆಗೂ ತೊಂದರೆಯಾಗುತ್ತಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ದುಆ ಜೊತೆಗಿರಲಿ, ಚಿಕಿತ್ಸೆ ತಪ್ಪದಿರಲಿ.

ಒಟ್ಟಿನಲ್ಲಿ: ದಿಂಬಿಗೆ ಗುದ್ದಿಸುವ ಸಲಹೆ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳುಹಿಸಬೇಡಿ. ಮೊದಲು ತಣಿಸಿ, ಆಮೇಲೆ ನ್ಯಾಯ ಮಾಡಿ, ಕ್ಷಮೆಗೆ ಸಮಯ ಕೊಡಿ.