ಗರ ಯಾರ ಕೈಲಿ?

ಸೋತವರು ದಾಳವನ್ನು ಬೈಯುವುದು ದಾಳದಷ್ಟೇ ಹಳೆಯ ಪದ್ಧತಿ ಇರಬೇಕು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಒಬ್ಬ ಜೂಜುಗಾರನ ಗೋಳಿಗೇ ಮೀಸಲಾದ ಸೂಕ್ತವೊಂದಿದೆ. ಅವನು ಆಡುತ್ತಿದ್ದುದು ತಾರೆಕಾಯಿಗಳಿಂದ. ತ್ರಿಫಲಾ ಚೂರ್ಣಕ್ಕೆ ಅಳಲೆ, ನೆಲ್ಲಿಗಳ ಜೊತೆ ನಾವು ಸೇರಿಸುವ ಅದೇ ತಾರೆಕಾಯಿ. ಹೆಂಡತಿ ದೂರವಿಟ್ಟಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ (ಅಲ್ಲೂ ಅತ್ತೆ ಇದ್ದಾಳೆ ನೋಡಿ!), ಆದರೂ ಕಾಯಿಗಳ ಸದ್ದು ಕೇಳಿದರೆ ಅವನ ಕಾಲು ನಿಲ್ಲುವುದಿಲ್ಲ. ಅವನ ಪಾಲಿಗೆ ತಪ್ಪೆಲ್ಲ ಆ ಕಾಯಿಗಳದ್ದು.

ಶಕುನಿಯ ದಾಳ ಅವನ ತಂದೆಯ ಮೂಳೆಯಿಂದ ಮಾಡಿದ್ದು ಎಂಬ ಕತೆಯನ್ನು ನಾವೆಲ್ಲ ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ವ್ಯಾಸಭಾರತದ ಸಭಾಪರ್ವದಲ್ಲಿ ಆ ಮಾತಿಲ್ಲ. ಶಕುನಿ ವಂಚನೆಯಿಂದ ಆಡಿದ ಎಂದಷ್ಟೇ ಇದೆ. ಹೇಗೆ ವಂಚಿಸಿದ, ಎಷ್ಟು ಗರ ಬಿತ್ತು ಎಂಬುದಿಲ್ಲ. ಧರ್ಮರಾಯ ಪಣ ಹೇಳುತ್ತಾನೆ, ಶಕುನಿ ‘ಗೆದ್ದೆ’ ಎನ್ನುತ್ತಾನೆ. ಕೊನೆಗೆ ದ್ರೌಪದಿಯನ್ನೂ ಹಾಗೆಯೇ ‘ಗೆದ್ದ’. ಹೇಗೆ ಸೋತೆವೆಂದು ತಿಳಿಯದಿದ್ದಲ್ಲಿ ಜನ ಕತೆ ಕಟ್ಟುತ್ತಾರೆ; ಆ ಮೂಳೆಯ ಕತೆ ಹುಟ್ಟಿದ್ದು ಹಾಗೆಯೇ ಎಂದು ನನ್ನ ಊಹೆ.

ನಮ್ಮ ಮನೆಗಳ ಚೌಕಾಬಾರಕ್ಕೆ ಮೂಳೆಯೂ ಬೇಡ, ದಂತವೂ ಬೇಡ. ಎರಡು ಹುಣಸೆ ಬೀಜಗಳನ್ನು ಸೀಳಿ ನಾಲ್ಕು ಹೋಳು ಮಾಡಿ, ಬಿಳಿಯ ಮಗ್ಗುಲನ್ನು ಕಲ್ಲಿಗೆ ಉಜ್ಜಿ ನಯ ಮಾಡಿದರೆ ಆಯಿತು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ. ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಹದಿನಾರು ಬಗೆಗಳಲ್ಲಿ ಆರು ಬಗೆ ‘ಎರಡು’. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಆದರೆ ಯಾರ ಮನೆಯ ಬೀಜ ಸಮನಾಗಿ ಬೀಳುತ್ತದೆ? ಹೆಚ್ಚು ಉಜ್ಜಿದ್ದು ಒಂದು ರೀತಿ, ದಪ್ಪಗೆ ಉಳಿದದ್ದು ಇನ್ನೊಂದು ರೀತಿ. ಅದು ಎಲ್ಲರಿಗೂ ಗೊತ್ತಿತ್ತು. ಅದೇ ಬೀಜ ಎಲ್ಲರ ಕೈಗೂ ಬರುತ್ತಿದ್ದುದರಿಂದ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ತೆಗೆದರೆ ಬೀಜ ಬದಲಾಯಿಸಿದರಾಯಿತು, ಹುಣಸೆಹಣ್ಣಿಗೇನು ಬರವೇ!

2020ರಲ್ಲಿ ಮನೆಯಿಂದ ಹೊರಡುವಂತಿಲ್ಲದ ದಿನಗಳಲ್ಲಿ ಜಯನಗರದ ನಮ್ಮ ಅತ್ತೆ, ಬನಶಂಕರಿಯಲ್ಲಿರುವ ತಮ್ಮ ತಂಗಿಯೊಡನೆ ಫೋನಿನಲ್ಲಿ ಲೂಡೋ ಆಡಲು ಕಲಿತರು. ಎರಡು ತಿಂಗಳಲ್ಲಿ ಅಕ್ಕತಂಗಿಯರ ಮಾತೇ ನಿಂತಿತು. “ಅವಳಿಗೆ ಬೇಕೆಂದಾಗಲೆಲ್ಲ ಆರು ಬೀಳುತ್ತದೆ ಕಣೇ. ಆ ಫೋನಿನೊಳಗೆ ಏನೋ ಇದೆ,” ಎನ್ನುವುದು ಅತ್ತೆಯ ವಾದ. ನಗಬೇಡಿ. 1992ರಲ್ಲಿ ಅಂತರ್ಜಾಲದಲ್ಲಿ ಬ್ಯಾಕ್‌ಗ್ಯಾಮನ್ ಆಡಿಸುವ ಮೊದಲ ಕೇಂದ್ರ ಆರಂಭವಾದಾಗಿನಿಂದ ಆ ಆಟದ ಪಂಡಿತರೂ ಇದೇ ದೂರು ಹೇಳುತ್ತ ಬಂದಿದ್ದಾರೆ. ಬ್ಯಾಕ್‌ಗ್ಯಾಮನ್ ಎಂದರೆ ನಮ್ಮ ಪಗಡೆಯ ದೂರದ ದಾಯಾದಿ. ಎರಡು ದಾಳ, ತಲಾ ಹದಿನೈದು ಕಾಯಿ. ಜೆ.ಪಿ. ನಗರದ ನನ್ನ ಅಣ್ಣನ ಮಗನಿಗೆ ಅದರ ಹುಚ್ಚು. ಎದುರಾಳಿಗೆ ಜೋಡಿ ಬಿದ್ದಾಗಲೆಲ್ಲ ಅವನೂ ಯಂತ್ರಕ್ಕೆ ಶಾಪ ಹಾಕುತ್ತಾನೆ. ಎರಡು ದಾಳಗಳಲ್ಲಿ ಆರು ಸಲಕ್ಕೊಮ್ಮೆ ಜೋಡಿ ಬೀಳುವುದು ಸಹಜ ಎಂಬ ಲೆಕ್ಕ ಅವನಿಗೂ ಗೊತ್ತು. ಸೋತಾಗ ಮಾತ್ರ ಮರೆಯುತ್ತದೆ.

ಯಂತ್ರ ದಾಳವನ್ನು ಉರುಳಿಸುವುದಿಲ್ಲ, ಲೆಕ್ಕ ಮಾಡುತ್ತದೆ. 1940ರ ದಶಕದಲ್ಲಿ ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞ ಒಂದು ಉಪಾಯ ಹೂಡಿದ್ದ. 2345 ಎಂಬ ಸಂಖ್ಯೆ ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿದರೆ 05499025. ನಡುವಿನ ನಾಲ್ಕಂಕಿ 4990. ಅದನ್ನು ಮತ್ತೆ ಹಾಗೆ ಮಾಡಿದರೆ 9001. ನೋಡುವವರಿಗೆ ಗೊತ್ತುಗುರಿಯಿಲ್ಲದ ಅಂಕಿಗಳು, ಮಾಡುವವನಿಗೆ ಪಕ್ಕಾ ಲೆಕ್ಕ. ಮೊದಲ ಸಂಖ್ಯೆಯನ್ನು ಈ ವಿದ್ಯೆಯವರು ‘ಬೀಜ’ ಎಂದೇ ಕರೆಯುತ್ತಾರೆ. ಬೀಜ ಒಂದೇ ಆದರೆ ಬೆಳೆಯೂ ಒಂದೇ. ಈಗಿನ ವಿಧಾನಗಳು ಇದಕ್ಕಿಂತ ಎಷ್ಟೋ ಪಾಲು ಜಾಣತನದವು, ಆದರೆ ಬೀಜ ಬಯಲಾದರೆ ಸಾಮಾನ್ಯ ವಿಧಾನಗಳ ಗುಟ್ಟೆಲ್ಲ ಬಯಲು. 1999ರಲ್ಲಿ ಇಸ್ಪೀಟು ಆಡಿಸುತ್ತಿದ್ದ ಒಂದು ಕಂಪನಿಯ ತಂತ್ರಾಂಶ ಗಡಿಯಾರದ ಹೊತ್ತನ್ನೇ ಬೀಜ ಮಾಡಿಕೊಂಡಿದ್ದು ಪತ್ತೆಯಾಯಿತು. ಒಂದು ದಿನದಲ್ಲಿ ಸೆಕೆಂಡಿನ ಸಾವಿರದೊಂದು ಪಾಲುಗಳು ಎಂಟು ಕೋಟಿ ಅರುವತ್ತನಾಲ್ಕು ಲಕ್ಷ. ಕಂಪ್ಯೂಟರಿಗೆ ಅದು ಲೆಕ್ಕವೇ ಅಲ್ಲ. ಐದು ಎಲೆ ಕಂಡರೆ ಸಾಕು, ಎಲ್ಲರ ಕೈಯ ಎಲೆಗಳನ್ನೂ ಹೇಳಬಹುದಿತ್ತು. ಅಂದಮೇಲೆ ಅತ್ತೆಯ ಅನುಮಾನ ಹುರುಳಿಲ್ಲದ್ದಲ್ಲ.

ಅತ್ತೆಯ ಆಟದ 600 ಗರಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕಿ ಎಣಿಸಿದೆ. ನೂರು ಸಲ ಆರು ಬೀಳಬೇಕಿತ್ತು. ಐದಾರು ಕಡಿಮೆ ಬಿದ್ದಿತ್ತು, ಅಷ್ಟೆ. ಅತ್ತೆ ಒಪ್ಪಲಿಲ್ಲ. “ಲೆಕ್ಕ ಸರಿ ಇರಬಹುದು. ಬೇಕಾದಾಗ ಬಿತ್ತೇ? ಬೇಡದಾಗ ಹತ್ತು ಸಲ ಬಿದ್ದರೆ ಯಾರಿಗೆ ಬೇಕು?”

ಇದು ಸಾಮಾನ್ಯ ಪ್ರಶ್ನೆಯಲ್ಲ. ರಷ್ಯಾದ ಮಹಾಗಣಿತಜ್ಞ ಕೊಲ್ಮೊಗೊರೊವ್ 1962ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದಿದ್ದರು. (ಆ ಸಂಸ್ಥೆಯಲ್ಲಿ ಬಹುಕಾಲ ದುಡಿದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ.) ಮರುವರ್ಷ ಸಂಸ್ಥೆಯ ‘ಸಂಖ್ಯ’ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ವಿಷಯ ಹೆಚ್ಚುಕಡಿಮೆ ಇದೇ. ಒಟ್ಟು ಎಣಿಕೆ ಸರಿಯಿದ್ದರೆ ಸಾಲದು. ಸರಳವಾದ ಯಾವ ನಿಯಮ ಹಿಡಿದು ನಡುನಡುವೆ ಕೆಲವನ್ನೇ ಹೆಕ್ಕಿದರೂ ಅದೇ ಪ್ರಮಾಣ ಉಳಿದಿರಬೇಕು. ಒಂದು, ಎರಡು, ಮೂರು ಎಂದು ಆರರವರೆಗೆ ಸರದಿಯಂತೆ ಬೀಳುವ ದಾಳದ ಎಣಿಕೆಯೂ ಸರಿಯೇ, ಆದರೆ ಅದನ್ನು ದಾಳ ಎನ್ನುವವರು ಯಾರು? ಆಮೇಲೆ ಅತ್ತೆಗೆ ‘ಬೇಕಾದಾಗಿನ’ ಗರಗಳನ್ನಷ್ಟೇ ಹೆಕ್ಕಿ ಎಣಿಸಿದೆ. ಆರಕ್ಕೊಂದರ ಆಸುಪಾಸೇ ಬಂತು. ಜೊತೆಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು: ತಂಗಿ ತನ್ನ ಕಾಯಿಗಳನ್ನು ಯಾವ ಗರ ಬಿದ್ದರೂ ಉಪಯೋಗಕ್ಕೆ ಬರುವಂತೆ ಹಂಚಿಡುತ್ತಾರೆ, ಅತ್ತೆ ಒಂದೇ ಕಾಯಿಯನ್ನು ಓಡಿಸುತ್ತಾರೆ. ಇದನ್ನು ಅವರಿಗೆ ಹೇಳುವ ಧೈರ್ಯ ಸೊಸೆಗೆ ಎಲ್ಲಿಂದ ಬರಬೇಕು?

ಇಲ್ಲಿಯವರೆಗಿನದು ಕಾಸಿಲ್ಲದ ಆಟ. ಬಿ.ಟಿ.ಎಂ. ಬಡಾವಣೆಯ ನಮ್ಮ ಬಂಧುಗಳ ಮಗನೊಬ್ಬ ಹಣ ಕಟ್ಟಿ ಆಡುವ ಇಂಥದೊಂದು ಆಟದಲ್ಲಿ ತಾಯಿಯ ಬಳೆ ಅಡವಿಡುವವರೆಗೆ ಹೋದ. ದಾಳ ಮೋಸದ್ದು ಎಂದು ಅತ್ತ. ಆಕೆ ಕೇಳಿದ್ದು ಒಂದೇ: “ಮೋಸದ್ದಲ್ಲದಿದ್ದರೆ ಬಳೆ ಉಳಿಯುತ್ತಿತ್ತೇನೋ?”

ಇದಕ್ಕೆ ಉತ್ತರ ಹುಡುಕಿದಾಗ ನನಗೆ ಒದಗಿದ್ದು ಕೌಟಿಲ್ಯನ ಅರ್ಥಶಾಸ್ತ್ರ. ಮರೆಯಾಗಿದ್ದ ಆ ಗ್ರಂಥದ ಓಲೆಗರಿ 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದಿತು. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಜೂಜು ಒಂದೇ ಕಡೆ ನಡೆಯಬೇಕು. ಶುದ್ಧವಾದ ಕವಡೆ, ದಾಳಗಳನ್ನು ಒದಗಿಸುವವನು ಅವನೇ. ಬೇರೆ ದಾಳ ತಂದಿಟ್ಟರೆ ಹನ್ನೆರಡು ಪಣ ದಂಡ. ದಾಳಕ್ಕೆ ಸರಕಾರವೇ ಜಾಮೀನು! ಆದರೆ ಗೆದ್ದದ್ದರಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷ ಮುರಿದುಕೊಳ್ಳುತ್ತಾನೆ. ಆ ಐದನ್ನು ನೋಡಿ. ಸಮಬಲದ ಇಬ್ಬರು ಚಿನ್ನದಂಥ ದಾಳದಲ್ಲಿ ಆಡಿದರೂ ಪ್ರತಿ ಆಟಕ್ಕೂ ಅಷ್ಟಷ್ಟು ಸೋರಿ, ಆಡುತ್ತಲೇ ಹೋದರೆ ಇಬ್ಬರ ಗಂಟೂ ಸವೆಯುತ್ತದೆ. ಹಣದ ಆಟ ಆಡಿಸುವ ಕಂಪನಿಗಳ ಸಂಪಾದನೆಯೂ ಇಂಥ ಪಾಲಿನಿಂದಲೇ. ಬಳೆಗೆ ಉತ್ತರ ಸಿಕ್ಕಿತು: ಉಳಿಯುತ್ತಿರಲಿಲ್ಲ.

ಕಾನೂನಿನ ಕತೆ ಚಿಕ್ಕದು. ನಮ್ಮ ರಾಜ್ಯ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಇಡೀ ದೇಶಕ್ಕೆ ನಿಷೇಧದ ಕಾಯಿದೆ ಮಾಡಿತು. ಕೌಟಿಲ್ಯ ದಾಳವನ್ನು ಪರೀಕ್ಷಿಸಿ ಪಾಲು ತೆಗೆದುಕೊಂಡ, ಇವರು ಬಾಗಿಲನ್ನೇ ಮುಚ್ಚಿದರು.

ಅಣ್ಣನ ಮಗ ಈಗ ಆಡುವುದು ಗ್ನೂ ಬ್ಯಾಕ್‌ಗ್ಯಾಮನ್ ಎಂಬ ಪುಕ್ಕಟೆ ತಂತ್ರಾಂಶದೊಡನೆ. ಅದರ ಒಳಲೆಕ್ಕವನ್ನು ಯಾರು ಬೇಕಾದರೂ ತೆರೆದು ಓದಬಹುದು. ಅಷ್ಟಕ್ಕೂ ಅನುಮಾನ ಹೋಗದವರಿಗೆ ಅದರಲ್ಲೊಂದು ಸೌಕರ್ಯವಿದೆ: ನಿಜವಾದ ದಾಳವನ್ನು ನೀವೇ ಮೇಜಿನ ಮೇಲೆ ಉರುಳಿಸಿ, ಬಿದ್ದ ಅಂಕಿಯನ್ನು ಯಂತ್ರಕ್ಕೆ ತಿಳಿಸಿದರೆ ಸಾಕು. ಯಂತ್ರದ ಗರವೂ ನಿಮ್ಮ ಕೈಯಿಂದಲೇ ಬೀಳುತ್ತದೆ. ಅತ್ತೆಗೆ ಇದನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕೇಳಿದರು:

“ನಾನು ಒಂದೆರಡು ಸಲ ಸುಳ್ಳು ಹೇಳಿದರೆ ಅದಕ್ಕೆ ಗೊತ್ತಾಗುತ್ತದೆಯೇನೇ?”

“ಇಲ್ಲ ಅತ್ತೆ. ನೀವು ಹೇಳಿದ್ದನ್ನೇ ನಂಬಿಕೊಂಡು ಆಡುತ್ತದೆ.”